ದೋಸೆ ಕಾವಲಿಯಿಂದ ಟೋಪ್ಲಿ ಪನೀರಿನವರೆಗೆ: ಮುಂಬಯಿಯಲ್ಲಿ ಚೀಸ್ ಕೊಳ್ಳುವ, ಕರಗಿಸುವ, ಮಾಡುವ ಬಗೆ

ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮೈಸೂರು ಮಸಾಲೆ ದೋಸೆಯ ಮೇಲೆ ತುರಿದು ಹಾಕುವುದು ಚೀಸ್. ಸ್ಟೇಷನ್ ಹೊರಗಿನ ಸ್ಯಾಂಡ್‌ವಿಚ್‌ವಾಲಾ ಟೋಸ್ಟಿನ ಮೇಲೆ ಮಳೆಗರೆಯುವುದೂ ಚೀಸ್. ಘಾಟ್ಕೋಪರ್ ಖಾವು ಗಲ್ಲಿಯ ಜಿನಿ ದೋಸೆಯಲ್ಲಿ ತರಕಾರಿಯನ್ನೂ ಶೆಜ್ವಾನ್ ಚಟ್ನಿಯನ್ನೂ ಹಿಡಿದಿಟ್ಟುಕೊಳ್ಳುವುದೂ ಅದೇ. ಇನ್ನು ಪಾರ್ಸಿಗಳ ಊಟದಲ್ಲಿ ಉಪ್ಪುನೀರಿನಲ್ಲಿ ತೇಲುತ್ತ ಬರುವ ಪುಟ್ಟ ಬಿಳಿ ಉಂಡೆಗೆ ಪನೀರ್ ಎಂಬ ಹೆಸರಿದ್ದರೂ ನಿಜಕ್ಕೂ ಅದು ಚೀಸ್. ಹೊರಗೆ ತಿಂದಾಗ ಇಷ್ಟು ಚೆನ್ನಾಗಿರುವುದು ಮನೆಯಲ್ಲಿ ಮಾಡಿದಾಗ ಎಣ್ಣೆ ಬಿಡುತ್ತದೆ, ರಬ್ಬರಿನಂತೆ ಎಳೆಯುತ್ತದೆ, ಇಲ್ಲವೇ ಕರಗದೆ ಹಾಗೇ ಕೂತಿರುತ್ತದೆ. ಬಹಳ ಸಲ ತಪ್ಪು ಕೈಯದ್ದಲ್ಲ. ಆ ಕೆಲಸಕ್ಕೆ ಸಲ್ಲದ ಚೀಸ್ ತಂದಿರುತ್ತೇವೆ, ಅಷ್ಟೆ. ಹಾಲು ಯಾವ ದಾರಿಯಲ್ಲಿ ಗಟ್ಟಿಯಾಯಿತು ಎನ್ನುವುದು ಗೊತ್ತಿದ್ದರೆ ಆ ಗಟ್ಟಿ ಕಾವಲಿಯ ಮೇಲೆ ಏನು ಮಾಡುತ್ತದೆ ಎನ್ನುವುದೂ ಗೊತ್ತಾಗುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಹಾಲು ಗಟ್ಟಿಯಾಗುವ ದಾರಿಗಳು

ಗಿಣ್ಣು ನಮಗೆಲ್ಲ ಗೊತ್ತು. ದಾದರಿನ ಮರಾಠಿ ಅಂಗಡಿಗಳಲ್ಲಿ ಅದನ್ನೇ ಖರವಸ್ ಎಂದು ಮಾರುತ್ತಾರೆ. ಕರು ಹಾಕಿದ ಮೊದಲ ದಿನಗಳ ಹಾಲಿನಲ್ಲಿ ಬಿಸಿ ತಾಗಿದರೆ ಗಟ್ಟಿಯಾಗುವ ಪ್ರೋಟೀನು ವಿಪರೀತ ಇರುತ್ತದೆ. ಹುಳಿ ಬೇಡ, ಹೆಪ್ಪು ಬೇಡ, ಹಬೆಯಲ್ಲಿ ಇಟ್ಟರೆ ಸಾಕು. ಮೊಟ್ಟೆ ಬೆಂದ ಮೇಲೆ ಮತ್ತೆ ಕರಗದ ಹಾಗೆ ಗಿಣ್ಣೂ ಕರಗದು.

ಪೇಟೆಯ ಸಾಮಾನ್ಯ ಪನೀರ್ ಒಡೆದ ಹಾಲು. ಕುದಿಯುವ ಹಾಲಿಗೆ ನಿಂಬೆರಸವೋ ಸಿಟ್ರಿಕ್ ಆಸಿಡ್ಡೋ ಬಿದ್ದಾಗ ಹಾಲಿನ ಮುಖ್ಯ ಪ್ರೋಟೀನು, ಅಂದರೆ ಕೇಸಿನ್, ತನ್ನ ಕ್ಯಾಲ್ಸಿಯಮನ್ನು ಕಳೆದುಕೊಂಡು ಮುದ್ದೆಯಾಗುತ್ತದೆ. ಬಿಸಿಗೆ ಗಟ್ಟಿಯಾದ ಇತರ ಪ್ರೋಟೀನುಗಳೂ ಅದಕ್ಕೇ ಅಂಟಿಕೊಳ್ಳುತ್ತವೆ. ಇದನ್ನು ಎಷ್ಟು ಹುರಿದರೂ ಕೆಂಪಾಗುತ್ತದೆಯೇ ಹೊರತು ಹರಿಯುವುದಿಲ್ಲ. ಟಿಕ್ಕಾಕ್ಕೆ ಪನೀರ್ ಒಗ್ಗುವುದೂ, ದೋಸೆಯ ಮೇಲೆ ತುರಿದರೆ ಒಣಗಿ ಉದುರುವುದೂ ಇದೇ ಕಾರಣಕ್ಕೆ.

ಮೂರನೆಯದು ರೆನೆಟ್ ದಾರಿ. ರೆನೆಟ್ ಎಂದರೆ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವ. ಹಿಂದೆ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು, ಈಗ ಬಹುಪಾಲು ಶಿಲೀಂಧ್ರದಿಂದ ತಯಾರಾಗುತ್ತದೆ. ಇದಕ್ಕೆ ಹುಳಿಯೂ ಬೇಡ, ಕುದಿಯೂ ಬೇಡ. ಉಗುರುಬೆಚ್ಚಗಿನ ಹಾಲಿನಲ್ಲಿ ಕೇಸಿನ್ ಕಣಗಳ ಹೊರಮೈಯನ್ನು ಅದು ಕತ್ತರಿಸುತ್ತದೆ, ಕ್ಯಾಲ್ಸಿಯಂ ಅವನ್ನು ಒಂದಕ್ಕೊಂದು ಬೆಸೆಯುತ್ತದೆ. ಹೀಗೆ ಕಟ್ಟಿದ ಬಲೆ ಬಿಸಿಗೆ ಸಡಿಲವಾಗಬಲ್ಲದು. ಚೆಡ್ಡಾರ್, ಗೌಡಾ, ಮೊಝರೆಲ್ಲಾ ಎಲ್ಲವೂ ಈ ದಾರಿಯವು.

ನೀಲಿ ಡಬ್ಬಿಯಲ್ಲಿ, ಬೆಳ್ಳಿ ಕಾಗದದ ಕ್ಯೂಬಿನಲ್ಲಿ ಸಿಗುವ ಪ್ರೊಸೆಸ್ಡ್ ಚೀಸ್ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದದ್ದು. ಮಾಗಿದ ಚೀಸನ್ನು ಅರೆದು, ಸೋಡಿಯಂ ಸಿಟ್ರೇಟಿನಂಥ ಲವಣ ಸೇರಿಸಿ, ಬಿಸಿ ಮಾಡಿ ಅಚ್ಚಿಗೆ ಹೊಯ್ದಿರುತ್ತಾರೆ. ಕೊಬ್ಬನ್ನೂ ನೀರನ್ನೂ ಬೇರೆಯಾಗದಂತೆ ಕಟ್ಟಿಡುವುದು ಆ ಲವಣದ ಕೆಲಸ. ಮುಂಬಯಿಯ ಬೀದಿ ತಿಂಡಿ ಪೂರ್ತಿ ಪ್ರೊಸೆಸ್ಡ್ ಚೀಸಿನ ಮೇಲೆ ನಿಂತಿರುವುದಕ್ಕೆ ಕಾರಣ ಅಗ್ಗ ಎಂಬುದೊಂದೇ ಅಲ್ಲ. ಕೆಂಡದಂಥ ಕಾವಲಿಯ ಮೇಲೂ ಎಣ್ಣೆ ಬಿಡದೆ, ನೂಲಿನಂತೆ ಎಳೆಯದೆ, ಕೆನೆಯ ಹಾಗೆ ಕೂರುವ ಗುಣ ಅದಕ್ಕಿದೆ. ಉಪ್ಪೂ ಧಾರಾಳವಾಗಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೊಳ್ಳುವಾಗ ಕಣ್ಣಿಡಬೇಕಾದದ್ದು

ಪ್ಯಾಕೆಟಿನ ಮುಂಭಾಗ ಬಿಟ್ಟು ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಹಾಲು ಅಥವಾ ಚೀಸ್ ಆಗಿರಬೇಕು. ಖಾದ್ಯ ತೈಲ, ತಾಳೆ ಎಣ್ಣೆ, ವನಸ್ಪತಿ ಕೊಬ್ಬು, ಪಿಷ್ಟ ಮೊದಲ ಮೂರ್ನಾಲ್ಕು ಹೆಸರುಗಳಲ್ಲಿ ಕಂಡರೆ ಅದು ಅನಲಾಗ್, ಅಂದರೆ ಚೀಸಿನ ವೇಷದ ಬೇರೆ ಪದಾರ್ಥ. ತಿಂದರೆ ಅಪಾಯ ಎಂದಲ್ಲ. ಹಾಲಿನ ದುಡ್ಡು ಕೊಟ್ಟು ಎಣ್ಣೆ ತರಬಾರದು ಎಂಬುದು ವಿಷಯ. ಐಎನ್‌ಎಸ್ (ಆಹಾರಕ್ಕೆ ಸೇರಿಸುವ ಪದಾರ್ಥಗಳ ಸಂಕೇತ ಸಂಖ್ಯೆ) 331 ಅಥವಾ 339 ಎಂದಿದ್ದರೆ ಮೇಲೆ ಹೇಳಿದ ಲವಣಗಳು, ಅದಕ್ಕೆ ಗಾಬರಿ ಬೇಡ. ಐಎನ್‌ಎಸ್ 200 ಬೂಷ್ಟು ತಡೆಯುವ ಸೋರ್ಬಿಕ್ ಆಸಿಡ್.

ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಲೇಬೇಕು. ಹೊರದೇಶದ ಕೆಲವು ಚೀಸ್‌ಗಳಿಗೆ ಇವತ್ತಿಗೂ ಕರುವಿನ ರೆನೆಟ್ಟೇ ಬಳಕೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಅಂಥದ್ದು, ಅದಕ್ಕೆ ಪರ್ಯಾಯ ರೆನೆಟ್ ಬಳಸುವಂತೆಯೇ ಇಲ್ಲ.

ಅಯೋಡಿನ್ ಪರೀಕ್ಷೆಯ ಬಗ್ಗೆ ಎಲ್ಲೆಡೆ ಮಾತಿದೆ. ಚೂರು ಚೀಸನ್ನು ಬಿಸಿನೀರಿನಲ್ಲಿ ಕಿವುಚಿ, ಆರಿದ ಮೇಲೆ ಎರಡು ಹನಿ ಟಿಂಕ್ಚರ್ ಅಯೋಡಿನ್ ಹಾಕಿದಾಗ ನೀಲಿ–ಕಪ್ಪು ಬಣ್ಣ ಬಂದರೆ ಪಿಷ್ಟವಿದೆ ಎಂದರ್ಥ. ಆದರೆ ಇದು ಹೇಳುವುದು ಅಷ್ಟನ್ನೇ. ತಾಳೆ ಎಣ್ಣೆ ಸೇರಿದ್ದರೆ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ತುರಿದೇ ಪ್ಯಾಕ್ ಮಾಡಿದ ಒಳ್ಳೆಯ ಮೊಝರೆಲ್ಲಾದಲ್ಲಿಯೂ ಎಳೆಗಳು ಅಂಟದಿರಲೆಂದು ಉದುರಿಸಿದ ಪಿಷ್ಟವಿದ್ದರೆ ನೀಲಿ ಬಂದೀತು. ಹಾಗಾಗಿ ಗಟ್ಟಿಯನ್ನೇ ತಂದು ಮನೆಯಲ್ಲಿ ತುರಿದುಕೊಳ್ಳುವುದು ಎಲ್ಲ ವಿಧದಲ್ಲೂ ಲೇಸು. ಅಂಥ ಪುಡಿ ಸೋಕದ ಚೀಸ್ ಕರಗುವುದೂ ನಯವಾಗಿ.

ಬಗೆಬಗೆಯ ಚೀಸ್ ಒಂದೇ ಕಡೆ ನೋಡಬೇಕೆಂದರೆ ಕ್ರಾಫರ್ಡ್ ಮಾರ್ಕೆಟ್‌ಗೆ ಹೋಗಿ. 1869ರ ಕಟ್ಟಡ, ಈಗಿನ ಹೆಸರು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ. ಒಳಗೆ ಆಮದು ಸಾಮಾನಿನ ಅಂಗಡಿಗಳಿವೆ. ಮಾಟುಂಗ ರೋಡಿನಲ್ಲಿ ಪಶ್ಚಿಮ ರೈಲ್ವೆಯ ಸ್ಲೋ ಲೋಕಲ್ ಹತ್ತಿ ಮರೀನ್ ಲೈನ್ಸ್‌ನಲ್ಲಿ ಇಳಿದು, ಮೆಟ್ರೊ ಸಿನಿಮಾ ಎದುರಿನ ಕಯಾನಿಯಲ್ಲಿ ಬನ್ ಮಸ್ಕಾ, ಚಹಾ ಮುಗಿಸಿ, ಲೋಕಮಾನ್ಯ ತಿಲಕ್ ಮಾರ್ಗದಲ್ಲಿ ನೇರ ನಡೆದರೆ ಮಾರ್ಕೆಟ್ ಸಿಗುತ್ತದೆ. ಕಯಾನಿ 1904ರಿಂದ ಇರುವ ಇರಾನಿ ಹೋಟೆಲ್, ದಾರಿಯಲ್ಲೇ ಇರುವಾಗ ಬಿಟ್ಟುಹೋಗುವುದು ನ್ಯಾಯವಲ್ಲ. ಬ್ಯಾಗಿನಲ್ಲಿ ಥರ್ಮಲ್ ಚೀಲ ಮತ್ತು ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟ ಎರಡು ಐಸ್ ಪ್ಯಾಕ್ ಇರಲಿ. ಬೇರೆಲ್ಲ ಸಾಮಾನು ಕೊಂಡಾದ ಮೇಲೆ ಕೊನೆಗೆ ಚೀಸ್ ಕೊಳ್ಳಿ.

ಅಂಗಡಿಯಲ್ಲಿ ಮೂರು ಸಂಗತಿ ನೋಡಿ. ಚೀಸ್ ಫ್ರಿಜ್ಜಿನಿಂದಲೇ ಬರಬೇಕು, ಕೌಂಟರಿನ ಮೇಲೆ ಬೆಳಗಿನಿಂದ ಕೂತದ್ದು ಬೇಡ. ಆಮದು ಚೀಸಿನ ಮೇಲೆ ಆಮದುದಾರರ ಹೆಸರು, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ತಾರೀಕು ಇರುವ ಚೀಟಿ ಅಂಟಿಸಿರಬೇಕು. ದೊಡ್ಡ ಗಟ್ಟಿಯಿಂದ ಕತ್ತರಿಸಿ ಪ್ಲಾಸ್ಟಿಕ್ ಸುತ್ತಿ ಕೊಡುವ ತುಂಡಿನ ಮೇಲೆ ಇದ್ಯಾವುದೂ ಇರುವುದಿಲ್ಲ, ಆಗ ಮೂಲ ಗಟ್ಟಿಯ ಚೀಟಿ ತೋರಿಸಿ ಎಂದು ಕೇಳಿ. ಅಂಚು ಒಡೆದು ಗಾಢ ಹಳದಿಗೆ ತಿರುಗಿದ್ದರೆ ಅದು ಒಣಗಿದೆ. ಪೊಟ್ಟಣದೊಳಗೆ ನೀರು ನಿಂತಿದ್ದರೆ ಫ್ರಿಜ್ಜಿನಿಂದ ಒಳಗೆ ಹೊರಗೆ ಆಗಿದೆ.

ಇಲ್ಲಿಯೇ ತಯಾರಾಗುವ ಚೀಸುಗಳನ್ನೂ ಒಮ್ಮೆ ತಿಂದು ನೋಡಬೇಕು. ಸ್ಪಾಟೆಡ್ ಕೌ ಫ್ರೊಮಾಜರಿಯ ಬಾಂಬ್ರಿ ಮತ್ತು ಕ್ಯಾಮೆಂಬೇ ಫ್ರೆಂಚ್ ಬ್ರೀ, ಕಾಮಂಬೇರ್ ಮಾದರಿಯವು, ಬಿಳಿ ಬೂಷ್ಟಿನ ಮೆತ್ತನೆ ಸಿಪ್ಪೆ ಸಮೇತ ತಿನ್ನುವಂಥವು. ಎಲೆಫ್ತೀರಿಯಾದ ಬ್ರುನೊಸ್ಟ್‌ಗೆ 2021ರ ವರ್ಲ್ಡ್ ಚೀಸ್ ಅವಾರ್ಡ್ಸ್‌ನಲ್ಲಿ ಬೆಳ್ಳಿ ಪದಕ ಬಂದಿತ್ತು. ಬ್ರುನೊಸ್ಟ್ ಮೂಲತಃ ನಾರ್ವೆಯದು, ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರನ್ನು ಗಂಟೆಗಟ್ಟಲೆ ಕಾಯಿಸಿ ಬತ್ತಿಸಿದ್ದು. ಖೋವಾ ತಿಂದು ಬೆಳೆದ ನಾಲಗೆಗೆ ಅದು ತಕ್ಷಣ ಹಿಡಿಸುತ್ತದೆ. ತೆಳ್ಳಗೆ ಕೆರೆದು ಬಿಸಿ ನೀರ್ ದೋಸೆಯ ಮೇಲೆ ಹಾಕಿ ಮಡಚಿದರೆ ಬೇರೇನೂ ಬೇಡ.

ಚೀಸ್ ದೋಸೆ

ಕಾವಲಿಯ ಮೇಲೆ ಚೀಸ್ ಹಾಳಾಗುವುದು ಹೊತ್ತು ತಪ್ಪಿದಾಗ. ಹಿಟ್ಟು ಹಸಿಯಿರುವಾಗಲೇ ತುರಿದರೆ ಹಬೆಗೆ ತೊಯ್ದು ದೋಸೆ ಮೆತ್ತಗಾಗುತ್ತದೆ. ದೋಸೆ ಪೂರ್ತಿ ಕೆಂಪಾದ ಮೇಲೆ ಹಾಕಿದರೆ ಅದು ಕರಗುವಷ್ಟರಲ್ಲಿ ತಳ ಹತ್ತುತ್ತದೆ.

ಒಂದು ದೋಸೆಗೆ 25 ಗ್ರಾಂ ಪ್ರೊಸೆಸ್ಡ್ ಚೀಸ್, ಅಂದರೆ ಒಂದು ಕ್ಯೂಬ್ ಸಾಕು. ಫ್ರಿಜ್ಜಿನಿಂದ ತೆಗೆದ ಕೂಡಲೇ ಸಣ್ಣ ತೂತಿನ ತುರಿಮಣೆಯಲ್ಲಿ ತುರಿದಿಟ್ಟುಕೊಳ್ಳಿ. ಬೆಚ್ಚಗಾದರೆ ತುರಿಮಣೆಗೇ ಮೆತ್ತಿಕೊಳ್ಳುತ್ತದೆ. ಹಿಟ್ಟು ಹೊಯ್ದು ಹರಡಿ, ಮೇಲ್ಮೈಯ ಹಸಿ ಹೊಳಪು ಹೋಗಿ ಅಂಚು ಏಳುವುದಕ್ಕೆ ಶುರುವಾಗುವ ತನಕ ಕಾಯಿರಿ. ಆಗ ಉರಿ ಸಣ್ಣ ಮಾಡಿ, ಅರ್ಧ ಚಮಚ ಬೆಣ್ಣೆ ಸವರಿ, ಮೈಸೂರು ದೋಸೆಯಾದರೆ ಕೆಂಪು ಚಟ್ನಿ ಎಳೆದು, ಅಂಚಿನಿಂದ ಎರಡು ಬೆರಳು ಒಳಗೆ ಚೀಸ್ ಉದುರಿಸಿ. ಅಂಚಿನಾಚೆ ಬಿದ್ದದ್ದು ಕಾವಲಿಗೆ ತಾಗಿ ಕರಕಲಾಗುತ್ತದೆ, ಆ ಕಹಿ ಇಡೀ ದೋಸೆಗೆ ಹತ್ತುತ್ತದೆ. ಮುಚ್ಚಳ ಮುಚ್ಚಿ 30 ಸೆಕೆಂಡು. ತೆಗೆದು ಮತ್ತೆ ಅರ್ಧ ನಿಮಿಷ ಬಿಟ್ಟರೆ ಮುಚ್ಚಳದ ಹಬೆ ಆರಿ ದೋಸೆ ಗರಿಯಾಗುತ್ತದೆ. ಪಲ್ಯ ಇಟ್ಟು ಮಡಚಿ.

ಪಲ್ಯದ ಉಪ್ಪು ಎಂದಿಗಿಂತ ಮೂರನೇ ಒಂದು ಪಾಲು ಕಡಿಮೆ ಇರಲಿ, ಚೀಸಿನಲ್ಲಿರುವ ಉಪ್ಪು ಆ ಲೆಕ್ಕ ತುಂಬುತ್ತದೆ. ಹಿಟ್ಟು ಹೆಚ್ಚು ಹುಳಿ ಬಂದಿರಬಾರದು. ಮುಂಬಯಿಯ ಏಪ್ರಿಲ್, ಮೇ ಸೆಕೆಯಲ್ಲಿ ಆರೇಳು ಗಂಟೆಗೇ ಹಿಟ್ಟು ಉಬ್ಬಿ ನಿಲ್ಲುತ್ತದೆ. ಊರಿನ ರೂಢಿಯಂತೆ ರಾತ್ರಿಯಿಡೀ ಹೊರಗೆ ಬಿಟ್ಟರೆ ಬೆಳಿಗ್ಗೆ ಹುಳಿಯೂ ಉಪ್ಪೂ ಸೇರಿ ಚೀಸಿನ ರುಚಿಯನ್ನೇ ನುಂಗುತ್ತವೆ. ಮಲಗುವ ಮುಂಚೆ ಫ್ರಿಜ್ಜಿಗೆ ಸೇರಿಸಿ.

ಮೊಝರೆಲ್ಲಾ ಹಾಕಬಹುದೇ? ಹಾಕಬಹುದು, ಎಳೆ ಎಳೆಯಾಗಿ ಬರುತ್ತದೆ, ಆದರೆ ರುಚಿ ಸಪ್ಪೆ, ಆರಿದರೆ ಬಿಗಿ. ಮಕ್ಕಳಿಗೆ ಎಳೆಯೇ ಬೇಕೆಂದರೆ ಅರ್ಧ ಮೊಝರೆಲ್ಲಾ, ಅರ್ಧ ಪ್ರೊಸೆಸ್ಡ್ ಬೆರೆಸಿ.

ಟೋಸ್ಟ್ ಸ್ಯಾಂಡ್‌ವಿಚ್

ಸ್ಯಾಂಡ್‌ವಿಚ್‌ವಾಲಾ ಕೈ ಎಷ್ಟು ಬೇಗ ಓಡಿದರೂ ಪದರಗಳ ಕ್ರಮ ತಪ್ಪುವುದಿಲ್ಲ. ಆ ಕ್ರಮದ ಹಿಂದೆ ಇರುವುದು ನೀರಿನ ಲೆಕ್ಕ. ಟೊಮೆಟೊ, ಸೌತೆ, ಚಟ್ನಿ ಮೂರೂ ನೀರು ಬಿಡುವಂಥವು. ಆ ನೀರು ಬ್ರೆಡ್ಡಿಗೆ ಇಳಿಯದಂತೆ ಬೆಣ್ಣೆಯೂ ಆಲೂಗೆಡ್ಡೆಯೂ ತಡೆಯುತ್ತವೆ.

ಎರಡು ಸ್ಯಾಂಡ್‌ವಿಚ್‌ಗೆ ಬೇಕಾದ ಚಟ್ನಿ: ಒತ್ತಿ ತುಂಬಿದ ಒಂದು ಕಪ್ ಕೊತ್ತಂಬರಿ ಸೊಪ್ಪು ಎಳೆ ದಂಟಿನ ಸಮೇತ, ಕಾಲು ಕಪ್ ಪುದಿನ, ಮೂರು ಹಸಿಮೆಣಸು, ಅರ್ಧ ಇಂಚು ಶುಂಠಿ, ಅರ್ಧ ಚಮಚ ಜೀರಿಗೆ, ಅರ್ಧ ನಿಂಬೆಹಣ್ಣಿನ ರಸ, ಚಿಟಿಕೆ ಕಪ್ಪುಪ್ಪು, ಎರಡು ದೊಡ್ಡ ಚಮಚ ಹುರಿಗಡಲೆ. ಹುರಿಗಡಲೆ ಬಿಡಬೇಡಿ. ಅದು ನೀರನ್ನು ಹಿಡಿದುಕೊಂಡು ಚಟ್ನಿಯನ್ನು ಸವರುವ ಹದಕ್ಕೆ ತರುತ್ತದೆ. ಅರೆಯುವಾಗ ಎರಡು ಚಮಚಕ್ಕಿಂತ ಹೆಚ್ಚು ನೀರು ಬೇಡ, ತಣ್ಣೀರೇ ಇರಲಿ, ಇಲ್ಲವಾದರೆ ಹಸಿರು ಬಣ್ಣ ಮಂಕಾಗುತ್ತದೆ.

ಬ್ರೆಡ್ ಒಂದು ದಿನ ಹಳೆಯದಾದರೆ ಒಳ್ಳೆಯದು, ಅಂದಿನ ತಾಜಾ ಬ್ರೆಡ್ ಒತ್ತಿದಾಗ ಮುದ್ದೆಯಾಗುತ್ತದೆ. ಎರಡೂ ಹೋಳುಗಳ ಒಳಮೈಗೆ ಅಂಚಿನಿಂದ ಅಂಚಿಗೆ ಬೆಣ್ಣೆ ಸವರಿ. ನಡುವೆ ಮಾತ್ರ ಹಚ್ಚಿ ಅಂಚು ಬಿಟ್ಟರೆ ಅಲ್ಲಿಂದಲೇ ತೊಯ್ಯುತ್ತದೆ. ಬೆಣ್ಣೆಯ ಮೇಲೆ ಚಟ್ನಿ. ಕೆಳಗಿನ ಹೋಳಿನ ಮೇಲೆ ಮೊದಲು ಬೇಯಿಸಿ ಪೂರ್ತಿ ತಣ್ಣಗಾದ ಆಲೂಗೆಡ್ಡೆ, 3 ಮಿಲಿಮೀಟರ್ ಬಿಲ್ಲೆಗಳು. ಬಿಸಿ ಆಲೂ ಕತ್ತರಿಸಿದರೆ ಪುಡಿಯಾಗುತ್ತದೆ. ಅದರ ಮೇಲೆ ಸೌತೆ, ಟೊಮೆಟೊ, ಬೇಯಿಸಿದ ಬೀಟ್‌ರೂಟಿನ ಎರಡೇ ಬಿಲ್ಲೆ, ಈರುಳ್ಳಿ. ಟೊಮೆಟೊ ಬಿಲ್ಲೆಗಳನ್ನು ಐದು ನಿಮಿಷ ಮುಂಚೆ ಕತ್ತರಿಸಿ ಬಟ್ಟೆಯ ಮೇಲೆ ಹರಡಿಟ್ಟಿರಿ. ಮೇಲೆ ಸ್ಯಾಂಡ್‌ವಿಚ್ ಮಸಾಲೆ. ಮನೆಯಲ್ಲಿ ಇಲ್ಲದಿದ್ದರೆ ಚಾಟ್ ಮಸಾಲೆಗೆ ಹುರಿದ ಜೀರಿಗೆ ಪುಡಿ, ಕಾಳುಮೆಣಸಿನ ಪುಡಿ ಬೆರೆಸಿ. ಬೇರೆ ಉಪ್ಪು ಬೇಡ.

ಚೀಸ್ ತರಕಾರಿಯ ಮೇಲೆ, ಮೇಲಿನ ಬ್ರೆಡ್ಡಿನ ಕೆಳಗೆ. ಒಂದಕ್ಕೆ 15 ಗ್ರಾಂ. ಬ್ರೆಡ್ಡಿಗೆ ಹತ್ತಿರವಿದ್ದರಷ್ಟೇ ಅದಕ್ಕೆ ಬಿಸಿ ತಾಗುತ್ತದೆ. ನಡುವೆ ತಣ್ಣನೆ ತರಕಾರಿಗಳ ಮಧ್ಯೆ ಸಿಕ್ಕಿಕೊಂಡರೆ ಬ್ರೆಡ್ ಸುಟ್ಟರೂ ಅದು ಕರಗುವುದಿಲ್ಲ. ಮನೆಯ ಸ್ಯಾಂಡ್‌ವಿಚ್‌ನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇದು.

ಕೈಹಿಡಿಯ ಅಲ್ಯೂಮಿನಿಯಂ ಟೋಸ್ಟರನ್ನು ಮೊದಲು ಖಾಲಿಯಾಗಿ ಒಂದು ನಿಮಿಷ ಕಾಯಿಸಿ, ಒಳಗೆ ಬೆಣ್ಣೆ ಸವರಿ. ಸ್ಯಾಂಡ್‌ವಿಚ್ ಇಟ್ಟು ಮೆಲ್ಲಗೆ ಮುಚ್ಚಿ, ಹೊರಗೆ ಚಾಚಿದ್ದನ್ನು ಕತ್ತರಿಸಿ. ಗ್ಯಾಸಿನ ಸಣ್ಣ–ಮಧ್ಯಮ ಉರಿಯಲ್ಲಿ ಒಂದೊಂದು ಬದಿ ಒಂದೂವರೆಯಿಂದ ಎರಡು ನಿಮಿಷ. ಚೀಸ್ ಇರುವ ಬದಿಯನ್ನು ಕೊನೆಗೆ ಕೆಳಗೆ ಮಾಡಿ. ದೊಡ್ಡ ಉರಿಗೆ ಹೊರಗೆ ಕಪ್ಪು, ಒಳಗೆ ತಣ್ಣಗೆ. ತೆಗೆದು ಕತ್ತರಿಸಿದ ಮೇಲೆ ಹೊರಗಿನಿಂದ 10 ಗ್ರಾಂ ಚೀಸನ್ನು ಸಣ್ಣಗೆ ತುರಿಯಿರಿ. ಇದು ಕರಗಬಾರದು, ಬಿಸಿಗೆ ಬೆವರಿದಂತೆ ಮೆತ್ತಗಾದರೆ ಸರಿ. ಮೇಲೆ ಸೇವ್.

ಗಾಡಿಯಲ್ಲಿ ತಿನ್ನುವಾಗ ಯಾವ ಚೀಸ್ ಎಂದು ತಿಳಿಯಬೇಕಾದರೆ ತುರಿಯುತ್ತಿರುವ ಗಟ್ಟಿಯ ಪೊಟ್ಟಣ ತೋರಿಸಲು ಕೇಳಿ. ಒಳ್ಳೆಯ ಸಾಮಾನು ಬಳಸುವವರು ಅದನ್ನು ಎದುರಿಗೇ ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಕತ್ತರಿಸಿಟ್ಟ ತರಕಾರಿಯ ರಾಶಿ ಬಿಟ್ಟು, ಎದುರಿಗೇ ಹೆಚ್ಚುವ ಗಾಡಿ ಆರಿಸಿಕೊಳ್ಳಿ.

ಇಡುವ ಕ್ರಮ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯೇ ಒದ್ದೆ. ಫ್ರಿಜ್ ಬಾಗಿಲು ತೆರೆದ ಪ್ರತಿ ಸಲವೂ ಆ ತೇವ ಚೀಸಿನ ಮೇಲೆ ಹನಿಯಾಗಿ ಕೂರುತ್ತದೆ, ಬೂಷ್ಟು ಶುರುವಾಗುವುದು ಅಲ್ಲೇ. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದರೆ ಚೀಸ್ ಒಳಗೇ ಬೆವರುತ್ತದೆ. ಮೊದಲು ಬಟರ್ ಪೇಪರ್, ಆಮೇಲೆ ಮುಚ್ಚಳದ ಡಬ್ಬಿ, ತರಕಾರಿ ಡ್ರಾಯರಿನಲ್ಲಿ ಜಾಗ. ಎರಡು ದಿನಕ್ಕೊಮ್ಮೆ ಕಾಗದ ಬದಲಿಸಿ. ತುರಿಯಲು ಒಣ ಕೈ, ಒಣ ಚಾಕು.

ಗಟ್ಟಿ ಚೀಸಿನ ಮೇಲೆ ಬೂಷ್ಟು ಕಂಡರೆ ಅದರ ಸುತ್ತ ಮತ್ತು ಕೆಳಗೆ ಎರಡೂವರೆ ಸೆಂಟಿಮೀಟರ್ ಕತ್ತರಿಸಿ ಬಿಸಾಡಿ ಉಳಿದದ್ದು ತಿನ್ನಬಹುದು. ಮೆತ್ತನೆ ಚೀಸ್, ತುರಿದ ಚೀಸ್, ಪನೀರಿಗೆ ಬೂಷ್ಟು ಬಂದರೆ ಪೂರ್ತಿ ಬಿಸಾಡಿ. ತೇವ ಹೆಚ್ಚಿರುವುದರಿಂದ ಅದರ ಬೇರು ಒಳಗೆ ಎಲ್ಲಿಯವರೆಗೆ ಹೋಗಿದೆಯೆಂದು ಕಾಣುವುದಿಲ್ಲ. ಬ್ರೀ ಮಾದರಿಯ ಚೀಸ್ ತಾರೀಕು ಸಮೀಪಿಸಿದಂತೆ ಮೆತ್ತಗಾಗಿ ರುಚಿ ಏರುತ್ತದೆ, ಆದರೆ ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಅದರ ಕಾಲ ಮುಗಿದಿದೆ. ಬಸುರಿಯರು ಇಂಥ ಬಿಳಿ ಬೂಷ್ಟಿನ ಮೆತ್ತನೆ ಚೀಸನ್ನೂ, ಹಸಿಹಾಲಿನ ಯಾವುದೇ ಚೀಸನ್ನೂ ತಿನ್ನಬಾರದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ.

ಬರಿದೇ ತಿನ್ನುವ ಚೀಸನ್ನು ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹೊರಗಿಡಿ. ಯುರೋಪಿನವರು ಹೇಳುವ ಒಂದು ಗಂಟೆ ನಮ್ಮ ಸೆಕೆಗೆ ಹೊಂದುವುದಿಲ್ಲ, ಅಷ್ಟರಲ್ಲಿ ಕೊಬ್ಬು ಬೆವರಿ ಹೊರಬಂದಿರುತ್ತದೆ.

ಮನೆಯಲ್ಲೇ ಟೋಪ್ಲಿ ನು ಪನೀರ್

ಟೋಪ್ಲಿ ಎಂದರೆ ಗುಜರಾತಿಯಲ್ಲಿ ಪುಟ್ಟ ಬುಟ್ಟಿ. ಬೆತ್ತದ ಬುಟ್ಟಿಯಲ್ಲಿ ಇಟ್ಟು ನೀರಿಳಿಸುವುದರಿಂದ ಆ ಹೆಸರು, ಮೈಮೇಲೆ ಹೆಣಿಗೆಯ ಗುರುತು. ಪಾರ್ಸಿಗಳು ಹಿಂದೆ ಒಣಗಿಸಿದ ಕೋಳಿಯ ಜಠರದ ಒಳಪದರವನ್ನು ನೆನೆಸಿ ಆ ನೀರಿನಿಂದ ಹಾಲು ಹೆಪ್ಪುಗಟ್ಟಿಸುತ್ತಿದ್ದರು. ಈಗ ಸಸ್ಯಾಹಾರಿ ರೆನೆಟ್‌ನಲ್ಲಿಯೂ ಆಗುತ್ತದೆ. ಗಿಣ್ಣಿನಷ್ಟು ನಯ, ಮೊಸರಿನ ಹುಳಿಯಿಲ್ಲ, ನಾಲಗೆಯ ಮೇಲೆ ಉಪ್ಪು ಹಾಲಿನ ರುಚಿ. ಕೊಳ್ಳುವುದಾದರೆ ಆರ್ಡರ್ ಮೇಲೆ ಮಾಡಿಕೊಡುವ ಪಾರ್ಸಿ ಅಡುಗೆಯವರಿಗೆ ಮುಂಚಿತವಾಗಿ ಹೇಳಬೇಕು. ಮನೆಯಲ್ಲಿ ಮಾಡಲು ಒಂದು ಮಧ್ಯಾಹ್ನ ಸಾಕು.

ಬೇಕಾದದ್ದು 2 ಲೀಟರ್ ಹಾಲು, ರೆನೆಟ್, ಉಪ್ಪು, ಅಡುಗೆ ಥರ್ಮಾಮೀಟರ್, ಬುಟ್ಟಿಗಳು.

ಹಾಲೇ ಎಲ್ಲಕ್ಕೂ ಮೂಲ. ಪ್ಯಾಕೆಟ್ ಹಾಲನ್ನು ತಂದ ಕೂಡಲೇ ಉಕ್ಕಿಸುವ ರೂಢಿ ನಮ್ಮದು. ಇದಕ್ಕೆ ಮಾತ್ರ ಉಕ್ಕಿಸಬೇಡಿ. ಕುದಿಸಿದಾಗ ತಿಳಿನೀರಿನ ಪ್ರೋಟೀನುಗಳು ಕೇಸಿನ್ ಕಣಗಳ ಮೇಲೆ ಹೋಗಿ ಮೆತ್ತಿಕೊಳ್ಳುತ್ತವೆ, ರೆನೆಟ್‌ಗೆ ಕತ್ತರಿಸಲು ಜಾಗ ಸಿಗುವುದಿಲ್ಲ, ಹಾಲು ಹಾಲಾಗಿಯೇ ಉಳಿಯುತ್ತದೆ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದರಿಂದ ನೇರ ಬಳಸಬಹುದು. ಟೆಟ್ರಾ ಪ್ಯಾಕಿನ ಹಾಲು ಅತಿ ಬಿಸಿಗೆ ಹೋಗಿ ಬಂದದ್ದು, ಅದರಿಂದ ಆಗದು. ತಬೇಲಾದ ಹಸಿಹಾಲಾದರೆ 63 ಡಿಗ್ರಿಯಲ್ಲಿ 30 ನಿಮಿಷ ಹಿಡಿದು ತಣಿಸಿಕೊಳ್ಳಿ. ಆಕಳ ಹಾಲಿಗೆ ಪನೀರ್ ಮೆದು, 6 ಪ್ರತಿಶತ ಕೊಬ್ಬಿನ ಫುಲ್ ಕ್ರೀಮ್ ಹಾಲಿಗೆ ದಟ್ಟ.

ಪ್ಯಾಕೆಟ್ ಹಾಲಿನ ಹೆಪ್ಪು ಸಡಿಲವಾಗುವುದುಂಟು. 30 ಪ್ರತಿಶತದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಸಿಕ್ಕರೆ 2 ಲೀಟರಿಗೆ ಟೀ ಚಮಚದ ಎಂಟನೇ ಒಂದು ಭಾಗ ಎರಡು ಚಮಚ ನೀರಿನಲ್ಲಿ ಬೆರೆಸಿ ತಣ್ಣನೆ ಹಾಲಿಗೇ ಹಾಕಿ. ತಿನ್ನುವ ದರ್ಜೆಯದೇ ಇರಬೇಕು.

ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ 36 ಡಿಗ್ರಿಗೆ ತನ್ನಿ. ಮೊಸರಿಗೆ ಹೆಪ್ಪು ಹಾಕುವ ಬಿಸಿಗಿಂತ ಇದು ತುಸು ಕಡಿಮೆ, ಬೆರಳಿಟ್ಟರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಒಲೆ ಆರಿಸಿ.

ರೆನೆಟ್‌ನ ಬಲ ಕಂಪನಿಯಿಂದ ಕಂಪನಿಗೆ ಬೇರೆ. ಪ್ಯಾಕೆಟ್ ಮೇಲೆ ಎಷ್ಟು ಲೀಟರಿಗೆ ಎಷ್ಟೆಂದು ಬರೆದಿರುವುದನ್ನೇ ಹಿಡಿಯಿರಿ. ಬೇಗ ಆಗಲೆಂದು ಜಾಸ್ತಿ ಹಾಕಿದರೆ ಕಹಿ ಬರುತ್ತದೆ, ರಬ್ಬರಾಗುತ್ತದೆ. ಅದನ್ನು ಕಾಲು ಕಪ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ. ನಲ್ಲಿ ನೀರು ನೇರ ಬೇಡ, ಅದರ ಕ್ಲೋರಿನ್ ಕಿಣ್ವವನ್ನು ಕೊಲ್ಲುತ್ತದೆ. ಹಾಲಿಗೆ ಸುರಿದು ಸೌಟಿನಿಂದ ಮೇಲೆ ಕೆಳಗೆ ಅರ್ಧ ನಿಮಿಷ ಕಲಸಿ, ಹಾಲಿನ ಸುತ್ತಾಟ ನಿಲ್ಲಿಸಿ, ಮುಚ್ಚಿಟ್ಟುಬಿಡಿ. 45ರಿಂದ 60 ನಿಮಿಷ ಪಾತ್ರೆ ಅಲುಗಬಾರದು. ಹೆಪ್ಪು ಕಟ್ಟುವಾಗ ಅಲುಗಿದರೆ ಬಲೆ ಹರಿದು ತರಿತರಿಯಾಗುತ್ತದೆ.

ಆಯಿತೋ ಇಲ್ಲವೋ ನೋಡಲು ಚಾಕುವನ್ನು ಓರೆಯಾಗಿ ಒಳಗೆ ತೂರಿಸಿ ಮೆಲ್ಲಗೆ ಮೇಲೆತ್ತಿ. ಮೇಲ್ಮೈ ನೇರ ಗೆರೆಯಾಗಿ ಸೀಳಿ, ಆ ಸೀಳಿನಲ್ಲಿ ಹಸಿರು ಛಾಯೆಯ ತಿಳಿನೀರು ನಿಂತರೆ ಹದ ಬಂದಿದೆ. ಸೀಳು ಮುದ್ದೆಯಾಗಿ ಬಿಳಿ ನೀರು ಬಂದರೆ ಇನ್ನೂ ಹದಿನೈದು ನಿಮಿಷ ಬಿಡಿ. ಒಂದೂವರೆ ಗಂಟೆಯಾದರೂ ಕಟ್ಟದಿದ್ದರೆ ಹಾಲು ಕುದಿದಿತ್ತು, ನೀರಿನಲ್ಲಿ ಕ್ಲೋರಿನ್ ಇತ್ತು, ಇಲ್ಲವೇ ರೆನೆಟ್ ಹಳತು. ಆ ಹಾಲನ್ನು ಕುದಿಸಿ ನಿಂಬೆರಸ ಹಿಂಡಿ ಮಾಮೂಲಿ ಪನೀರ್ ಮಾಡಿಕೊಳ್ಳಬಹುದು.

ಬೆತ್ತದ ಬುಟ್ಟಿಗಳನ್ನು ಕುದಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಒಳಗೆ ಚಿಟಿಕೆ ಉಪ್ಪು ಸವರಿ. ಬುಟ್ಟಿ ಇಲ್ಲದಿದ್ದರೆ ತೂತಿರುವ ಇಡ್ಲಿ ತಟ್ಟೆಗೆ ತೆಳು ಮಲ್‌ಬಟ್ಟೆ ಹಾಸಿ ಪಾತ್ರೆಯ ಬಾಯಿಯ ಮೇಲೆ ಇಡಿ. ಒಂದೊಂದೇ ತಟ್ಟೆ, ಪೇರಿಸಿದರೆ ಮೇಲಿನ ನೀರು ಕೆಳಗಿನದರ ಮೇಲೆ ಸುರಿಯುತ್ತದೆ. ಅಗಲ ಚಮಚದಿಂದ ಹೆಪ್ಪನ್ನು ತೆಳು ಪದರಗಳಾಗಿ ಎತ್ತಿ ಒಂದರ ಮೇಲೊಂದು ತುಂಬಿ, ಕುಳಿಯ ಅಂಚು ದಾಟಿ ಗುಡ್ಡೆಯಾಗುವಷ್ಟು. ಅರ್ಧ ಗಂಟೆಯಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಕಲಸಬೇಡಿ, ಒತ್ತಬೇಡಿ.

ಅರ್ಧ ಗಂಟೆಯ ಮೇಲೆ ಅಂಗೈಯಲ್ಲಿ ಬೋರಲು ಹಾಕಿ ತಿರುಗಿಸಿಡಿ. ಇಲ್ಲಿ ಕೈ ನಡುಗುವುದು ಸಹಜ, ಉಂಡೆ ಗಿಣ್ಣಿಗಿಂತ ಮೆದುವಾಗಿರುತ್ತದೆ. ಒಡೆಯುತ್ತದೆ ಅನಿಸಿದರೆ ಬುಟ್ಟಿ ಸಮೇತ ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ತಿರುಗಿಸಿ. ಇನ್ನೂ ಮುಕ್ಕಾಲು ಗಂಟೆ ನೀರಿಳಿಯಲಿ. ಹೊರಗಿನ ಸೆಕೆಯಲ್ಲಿ ಒಟ್ಟು ಎರಡು ಗಂಟೆ ಮೀರದಂತೆ ನೋಡಿಕೊಳ್ಳಿ.

ಇಳಿದ ತಿಳಿನೀರನ್ನು ಬಟ್ಟೆಯಲ್ಲಿ ಸೋಸಿ, ಲೀಟರಿಗೆ 20 ಗ್ರಾಂ ಉಪ್ಪು ಕರಗಿಸಿ, ತಣ್ಣಗೆ ಮಾಡಿ, ಉಂಡೆಗಳು ಮುಳುಗುವಷ್ಟು ಗಾಜಿನ ಡಬ್ಬಿಗೆ ಹಾಕಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದರೆ ಉಪ್ಪು ಒಳಗಿಳಿಯುತ್ತದೆ. ಬರೀ ನೀರಿನಲ್ಲಿ ಇಟ್ಟರೆ ಕ್ಯಾಲ್ಸಿಯಮ್ಮೂ ರುಚಿಯೂ ನೀರಿಗೆ ಹೋಗಿ ಮೈ ಲೋಳೆಯಾಗುತ್ತದೆ, ಆದ್ದರಿಂದ ಅದರದೇ ತಿಳಿನೀರು ಬೇಕು. 2 ಲೀಟರಿಗೆ ಸುಮಾರು 30 ಗ್ರಾಮಿನ ಹನ್ನೆರಡು ಹದಿನಾಲ್ಕು ಉಂಡೆ ಬಂದಾವು. ಎರಡು ಮೂರು ದಿನದಲ್ಲಿ ಮುಗಿಸಿ.

ತಿನ್ನುವ ಬಗೆ ಸರಳ. ನೀರಿನಿಂದ ಎತ್ತಿ, ಕಾಳುಮೆಣಸು ಕುಟ್ಟಿ ಉದುರಿಸಿ, ಹಾಗೆಯೇ. ಮೇ ತಿಂಗಳಲ್ಲಿ ಪಕ್ಕದಲ್ಲಿ ಆಪೂಸಿನ ಹೋಳು. ಉತ್ತರ ಕನ್ನಡದಿಂದ ಜೋನಿಬೆಲ್ಲ ತರಿಸಿಕೊಂಡಿದ್ದರೆ ಉಪ್ಪುಪ್ಪಾದ ಈ ಉಂಡೆಯ ಮೇಲೆ ಅರ್ಧ ಚಮಚ ಇಳಿಬಿಡಿ. ಕಾವಲಿಯ ಮೇಲೆ ಮಾತ್ರ ಇಡಬೇಡಿ, ಒಳಗಿನ ನೀರೆಲ್ಲ ಹರಿದು ಉಳಿಯುವುದು ಚೂರೇ.

ಉಪ್ಪು ಹಾಕದೆ ಉಳಿದ ತಿಳಿನೀರು ಲೀಟರಿಗಿಂತ ಹೆಚ್ಚೇ ಇರುತ್ತದೆ. ಚಪಾತಿ ಹಿಟ್ಟನ್ನು ಅದರಲ್ಲೇ ಕಲಸಿ, ಮೆದುವಾಗಿ ಬರುತ್ತದೆ. ಇಲ್ಲವೇ ಅಂದೇ ಪಾತ್ರೆಗೆ ಹಾಕಿ ಕುದಿಯ ಹತ್ತಿರಕ್ಕೆ ತಂದು ಅರ್ಧ ನಿಂಬೆಹಣ್ಣು ಹಿಂಡಿ. ರೆನೆಟ್‌ಗೆ ಸಿಗದ ಪ್ರೋಟೀನು ಬಿಳಿ ಹೂವಿನಂತೆ ಮೇಲೆ ತೇಲುತ್ತದೆ. ಬಟ್ಟೆಯಲ್ಲಿ ಸೋಸಿದರೆ ಮೂರ್ನಾಲ್ಕು ಚಮಚ ರಿಕೊಟ್ಟಾ ಸಿಗುತ್ತದೆ, ಮರುದಿನ ಬೆಳಗಿನ ಟೋಸ್ಟಿಗೆ ಅಷ್ಟು ಸಾಕು.